ಮಡಿಲ ಮೇಲಿಟ್ಟು ನುಡಿಸುವ ಗಿಟಾರು

ನನ್ನ ತಮ್ಮ ಗಿಟಾರನ್ನು ಮನೆಗೆ ತಂದಾಗ ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈಗೆ ಹಿಟ್ಟು ಮೆತ್ತಿಕೊಂಡೇ ಹೊರಗೆ ಬಂದು ಆ ಉದ್ದನೆಯ ಕಪ್ಪು ಪೆಟ್ಟಿಗೆ ನೋಡಿ, "ಏನ್ ತಂದ್ಯೋ ಇದು?" ಎಂದಳು. ತಮ್ಮ ಪೆಟ್ಟಿಗೆಯನ್ನು ಹಾಸಿಗೆಯ ಮೇಲಿಟ್ಟು, ಎರಡೂ ಕೊಂಡಿ ತೆಗೆದು, ಮುಚ್ಚಳ ಎತ್ತಿ ಹಿಂದೆ ಸರಿದು ನಿಂತ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಅವನು ಫಿಟ್ಟರ್ ಆಗಿದ್ದ. ಅಪ್ಪ ತೀರಿಕೊಂಡ ಮೇಲೆ ಧಾರವಾಡದ ಬಾಡಿಗೆ ಮನೆ ಬಿಟ್ಟು ನಾನೂ ಅವ್ವನೂ ಅವನ ಹಿಂದೆಯೇ ಬಂದಿದ್ದೆವು. ನನಗೂ ಅಲ್ಲಿಯ ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ನಮ್ಮ ಸಾಲಿನಲ್ಲಿದ್ದ ಮನೆಯವರೆಲ್ಲ ಹೆಚ್ಚುಕಡಿಮೆ ನಮ್ಮಂತೆಯೇ ಧಾರವಾಡ, ಬೆಳಗಾವಿ ಕಡೆಯಿಂದ ಬಂದವರು. ಸ್ವಲ್ಪ ಆಚೆ ದೊಡ್ಡ ಬಂಗಲೆಗಳಲ್ಲಿ ಎಂಜಿನಿಯರರು ಇರುತ್ತಿದ್ದರು. ಅವರಲ್ಲಿ ಕಲಕತ್ತೆ ಕಡೆಯವರೊಬ್ಬರ ಮನೆಯ ಹೊಲಿಗೆ ಯಂತ್ರ, ಪಂಖ ಏನು ಕೆಟ್ಟರೂ ತಮ್ಮನೇ ಹೋಗಿ ಸರಿಮಾಡಿ ಬರುತ್ತಿದ್ದ. ಅವರಿಗೆ ಬೇರೆಡೆ ಕೆಲಸವಾಗಿ ಸಾಮಾನು ಕಟ್ಟುವಾಗ ಆ ಮನೆಯ ತಾಯಿ ಅವನನ್ನು ಕರೆದು, ಮದುವೆಯಾಗಿ ಹೋದ ಮಗಳ ಗಿಟಾರನ್ನು ಅವನ ಕೈಗಿಟ್ಟರು. ಅವರಿಗೆ ನುಡಿಸಲು ಬರುತ್ತಿರಲಿಲ್ಲ. ಇವನೂ ಏನೂ ಕೇಳಲಿಲ್ಲ, ಸಂತೋಷದಲ್ಲಿ ಪೆಟ್ಟಿಗೆ ಹೊತ್ತುಕೊಂಡು ಬಂದುಬಿಟ್ಟ.

ಗಿಟಾರು ಚೆನ್ನಾಗಿತ್ತು. ಮುಂಭಾಗ ಹಳೆಯ ಜೇನಿನ ಬಣ್ಣ, ಅಂಚಿಗೆ ತೆಳುವಾದ ಕಪ್ಪು ಗೆರೆ. ಪೆಟ್ಟಿಗೆಯ ಮೂಲೆಯಲ್ಲಿ ಮಖಮಲ್ಲಿನ ಪುಟ್ಟ ಚೀಲವಿತ್ತು. ಅದರೊಳಗೆ ಹೆಬ್ಬೆರಳು ಗಾತ್ರದ, ನುಣ್ಣಗೆ ಹೊಳೆಯುವ ಉಕ್ಕಿನ ತುಂಡು. ತಮ್ಮ ಅದನ್ನು ತಿರುಗಿಸಿ ನೋಡಿ, "ಯಾವುದೋ ಮಶೀನಿನ ಪಿನ್ ಇರಬೇಕು, ತಪ್ಪಿ ಬಂದೈತಿ" ಅಂದ. ಅವ್ವ ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿದಳು. "ಯಾಲಕ್ಕಿ ಕುಟ್ಟಾಕ ಛಲೋ ಆಗ್ತೈತಿ" ಎಂದು ಒಳಗೆ ಒಯ್ದಳು.

ಕಾಲನಿಯ ಕ್ರೈಸ್ತರ ಮದುವೆಯೊಂದರಲ್ಲಿ ಹುಡುಗರು ಗಿಟಾರು ಬಾರಿಸುತ್ತ ಹಾಡಿದ್ದನ್ನು ತಮ್ಮ ಕೇಳಿ ಬಂದಿದ್ದ. ಅಂದಿನಿಂದ ಅವನಿಗೆ ಅದೇ ಹುಚ್ಚು. ಪಾಳಿ ಮುಗಿಸಿ ಬಂದು, ಸ್ನಾನ ಮಾಡಿ, ಹಿತ್ತಿಲ ಕಟ್ಟೆಯ ಮೇಲೆ ಗಿಟಾರು ಹಿಡಿದು ಕೂಡುತ್ತಿದ್ದ. ಆದರೆ ತಂತಿಗಳು ಕಟ್ಟಿಗೆಯಿಂದ ಎಷ್ಟು ಮೇಲಿದ್ದವೆಂದರೆ ಬಲವೆಲ್ಲ ಹಾಕಿ ಒತ್ತಿದರೂ ಟಕ್ ಎಂಬ ಸತ್ತ ಸದ್ದು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಬೆರಳ ತುದಿಗಳು ಸೀಳಿ, ಊಟಕ್ಕೆ ಕೂತಾಗ ಖಾರ ತಾಗಿ ಮುಖ ಕಿವುಚುತ್ತಿದ್ದ.

ಕೇಳಿದವರೆಲ್ಲ ಒಂದೊಂದು ಹೇಳಿದರು. ಬಡಗಿ ಕಟ್ಟಿಗೆ ಸೊಟ್ಟ ಎಂದ. ಹಳಿಯಾಳದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರೊಬ್ಬರು ತಂತಿ ಬದಲಿಸಿದರೆ ಸಾಕು ಎಂದರು. ಮದುವೆಯಲ್ಲಿ ಬಾರಿಸಿದ ಹುಡುಗರು ನಕ್ಕು, ಮೊದಮೊದಲು ಎಲ್ಲರಿಗೂ ನೋಯುತ್ತದೆ, ಬಿಡದೆ ಬಾರಿಸು ಎಂದರು. ತಮ್ಮ ಕೊನೆಯ ಮಾತನ್ನೇ ನಂಬಿದ. ಮಳೆಗಾಲ ಕಳೆಯಿತು, ಚಳಿ ಬಂತು, ಒಂದು ಹಾಡಿನ ಒಂದು ಸಾಲೂ ಕೂಡಿಬರಲಿಲ್ಲ.

"ನನ್ನ ಬೆರಳ ದಪ್ಪ ಅದಾವ ಅಕ್ಕಾ" ಎಂದ ಒಂದು ಸಂಜೆ. "ಕಬ್ಬಿಣ ಹಿಡಿಯೂ ಕೈಗೆ ಇದು ಹತ್ತೂದಿಲ್ಲ."

ಅದು ಬೆರಳಿನ ತಪ್ಪಲ್ಲವೆಂದು ನನಗೆ ಅನಿಸುತ್ತಿತ್ತು. ಹೇಳಲು ಬಾಯಿ ಬರಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಸಂಗೀತದ ಮಾತನ್ನು ನನ್ನ ಮುಂದೆ ಯಾರೂ ಆಡುತ್ತಿರಲಿಲ್ಲ, ನಾನೂ ಆಡುತ್ತಿರಲಿಲ್ಲ. ಧಾರವಾಡದಲ್ಲಿ ಚಿಕ್ಕವಳಿದ್ದಾಗಿಂದ ನಾನು ಪಿಟೀಲು ಕಲಿತಿದ್ದೆ. ಗುರುಗಳ ಮನೆ ನಮ್ಮ ಓಣಿಯ ಕೊನೆಗಿತ್ತು, ದಿನಕ್ಕೆರಡು ಸಲ ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿದ್ದಾಗ ಟಾಂಗಾದಿಂದ ಬಿದ್ದು ಎಡಗೈ ಮುರಿಯಿತು. ನಾಟಿ ವೈದ್ಯರು ಪಟ್ಟಿ ಕಟ್ಟಿದರು. ಮುಂಗೈ ಕೂಡಿಕೊಂಡಿತು, ಆದರೆ ಉಂಗುರದ ಬೆರಳೂ ಕಿರುಬೆರಳೂ ಮರದ ಕಡ್ಡಿಯಂತೆ ನೆಟ್ಟಗಾಗಿ ನಿಂತುಬಿಟ್ಟವು. ನಡುಬೆರಳು ಅರ್ಧ ಬಗ್ಗುತ್ತಿತ್ತು. ಅಂಥ ಕೈಯಿಂದ ಪಿಟೀಲು ನುಡಿಸಲಾಗುವುದಿಲ್ಲ. ಅವ್ವ ಒಂದು ದಿನ ನಾನು ಶಾಲೆಗೆ ಹೋದಾಗ ಪಿಟೀಲನ್ನು ಗುರುಗಳಿಗೆ ಮರಳಿಸಿ ಬಂದಿದ್ದಳು. ಬಂದ ವರಗಳೂ ಕೈ ನೋಡಿ ಹೋದವು. ಸೆರಗಿನ ಕೆಳಗೆ ಎಡಗೈ ಇಟ್ಟುಕೊಳ್ಳುವುದು ನನಗೆ ಉಸಿರಾಡಿದಷ್ಟು ಸಹಜವಾಗಿಬಿಟ್ಟಿತ್ತು.

ನಮ್ಮ ಶಾಲೆಯಲ್ಲಿ ಜೊಯಿಡಾ ಕಡೆಯ ಕೊಂಕಣಿ ಕ್ರೈಸ್ತ ಶಿಕ್ಷಕಿಯೊಬ್ಬರಿದ್ದರು. ತಮ್ಮನ ಪಾಡನ್ನು ಅವರ ಮುಂದೆ ಒಮ್ಮೆ ಹೇಳಿದೆ.

"ನಮ್ಮ ಸೋದರಮಾವಗ ತೋರ್ಸ್ರಿ" ಎಂದರು ಅವರು. "ಮುಂಬೈದಾಗ ಹೋಟೆಲಿನ ಬ್ಯಾಂಡಿನೊಳಗ ಭಾಳ ವರ್ಷ ಬಾರ್ಸ್ಯಾರ. ಗಿಟಾರ ಕೊಳ್ಳವ್ರು ಮೊದಲ ಅವರಿಗೆ ತೋರಿಸಿ ತಗೋತಿದ್ರಂತ. ಈಗ ಊರಿಗೆ ಬಂದು ಸುಮ್ಮನ ಕೂತಾರ."

"ತಮ್ಮ ಒಬ್ಬನ ಹೋಗಿ ಬರ್ತಾನ ಬಿಡ್ರಿ" ಎಂದೆ.

"ಒಬ್ಬನ್ನ ಕಳಸಬ್ಯಾಡ್ರಿ ಅಕ್ಕೋರ. ಮಾವ ಸ್ವಲ್ಪ ಸಿಡುಕ. ನೀವು ಜೋಡಿ ಇದ್ರ ಮೆತ್ತಗ ಮಾತಾಡ್ತಾರ. ಅವರ ಟಾನಿಕ್ಕೂ ನಿಮ್ಮ ಕೈಲೆ ಕೊಟ್ಟು ಕಳಸ್ತೇನಿ."

ಬೇಸಿಗೆ ರಜೆಯಲ್ಲಿ ಇಬ್ಬರೂ ಹೊರಟೆವು. ಕಂಡಕ್ಟರು ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕು ಎಂದರೂ ತಮ್ಮ ಕೇಳಲಿಲ್ಲ, ಉದ್ದಕ್ಕೂ ತೊಡೆಯ ಮೇಲೆ ಅಪ್ಪಿ ಹಿಡಿದ. ಸೂಪಾ ಆಗಿನ್ನೂ ಅಣೆಕಟ್ಟಿನ ನೀರಿನಡಿ ಹೋಗಿರಲಿಲ್ಲ, ಸಂತೆ ನಡೆಯುವ ಊರು. ಅಲ್ಲಿ ಬಸ್ಸು ತುಂಬಾ ಹೊತ್ತು ನಿಂತು, ಜನ ಇಳಿದು, ಚಹಾ ಕುಡಿದು, ಮತ್ತೆ ಕಾಡಿನೊಳಗೆ ಹೊಕ್ಕು ಜೊಯಿಡಾಕ್ಕೆ ಬಂತು. ಅಲ್ಲೊಂದು ಇಲ್ಲೊಂದು ಅಂಗಡಿ, ಹಿಂದೆ ಮುಂದೆ ಬರೀ ಮರ. ಮರಳಿ ಹೋಗುವ ಬಸ್ಸು ಸಂಜೆಗೆ ಒಂದೇ ಎಂದು ಡ್ರೈವರ್ ಎಚ್ಚರಿಸಿದ.

ಶಿಕ್ಷಕಿಯ ಸೋದರಮಾವನನ್ನು ಊರಲ್ಲೆಲ್ಲ ಮಾಸ್ತರರು ಎನ್ನುತ್ತಿದ್ದರು. ಅವರ ಮನೆ ರಸ್ತೆಯಿಂದ ಸ್ವಲ್ಪ ಒಳಗಿತ್ತು. ಅಂಗಳದಲ್ಲಿ ಚಾಪೆ ಹಾಸಿ ಅವರ ಹೆಂಡತಿ ಮುರುಗಲ ಹಣ್ಣಿನ ಸಿಪ್ಪೆ ಒಣಹಾಕುತ್ತಿದ್ದರು. ಆಕೆಗೆ ಕೊಂಕಣಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಟಾನಿಕ್ಕಿನ ಬಾಟಲಿ ನೋಡಿ ನಕ್ಕು, ಕೈ ಹಿಡಿದು ಒಳಗೆ ಕರೆದೊಯ್ದರು. ಮಾಸ್ತರರು ಬನಿಯನ್ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗಿನ ಮುದುಕರು, ದಪ್ಪ ಕನ್ನಡಕ, ಕೈಗಳು ಸದಾ ಸಣ್ಣಗೆ ನಡುಗುತ್ತಿದ್ದವು. ಗೋಡೆಯ ಮೇಲೆ ಅವರದೇ ಗಿಟಾರು ತೂಗುತ್ತಿತ್ತು, ಅದಕ್ಕೆ ಒಂದೂ ತಂತಿಯಿರಲಿಲ್ಲ.

ತಮ್ಮ ತನ್ನ ಗಿಟಾರನ್ನು ಅವರ ಮುಂದೆ ಚಾಚಿದ. ಅವರು ಮುಟ್ಟಲಿಲ್ಲ.

"ಮೊದಲು ನೀ ಬಾರಿಸು."

"ನನಗ ಬರೂದಿಲ್ರಿ ಮಾಸ್ತರ."

"ಬರೂದಿಲ್ಲ ಅಂತ ಅಲ್ಲೇನು ಇಲ್ಲಿಗೆ ಬಂದದ್ದು. ಎಷ್ಟು ಬರ್ತೈತಿ ಅಷ್ಟು ಬಾರಿಸು."

ತಮ್ಮ ಹಲ್ಲು ಕಚ್ಚಿ ಒತ್ತಿ ಬಾರಿಸಿದ. ಮಾಸ್ತರರು ಅವನ ಬೆರಳುಗಳನ್ನಲ್ಲ, ಮುಖವನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೈಯೆತ್ತಿ, "ಸಾಕು ಬಾಬಾ, ನೋಯ್ತೈತಿ ನಿನಗ. ಕೊಡು ಇಲ್ಲಿ" ಎಂದರು.

ಆಮೇಲೆ ಅವರು ನೋಡಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಡಾಕ್ಟರು ಎದೆ ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಗಿಟಾರಿನ ಮುಂದೆ, ಹಿಂದೆ, ಪಕ್ಕಕ್ಕೆ ಬಡಿಯುತ್ತ ಕಿವಿಗೊಟ್ಟರು. ಒಳಗೆ ಯಾವುದಾದರೂ ಪಟ್ಟಿ ಬಿಟ್ಟುಕೊಂಡಿದ್ದರೆ ಸದ್ದು ಒಡೆಯುತ್ತದೆ ಎಂದರು. ನಂತರ ಒಂದು ಕಾಗದ ಕೇಳಿದರು. ತಮ್ಮನ ಜೇಬಿನಲ್ಲಿ ಕಾರ್ಖಾನೆಯ ಕಾಗದದ ತುಂಡು ಇದ್ದೇ ಇರುತ್ತಿತ್ತು. ತಂತಿಗಳನ್ನು ಹೊತ್ತ, ಕುದುರೆ ಎಂದು ಕರೆಯುವ ಕೆಳಗಿನ ಕಟ್ಟಿಗೆಪಟ್ಟಿ ಗಿಟಾರಿನ ಮೈಗೆ ಅಂಟಿರುವ ಕಡೆ ಆ ಕಾಗದದ ಅಂಚನ್ನು ತೂರಿಸಲು ನೋಡಿದರು. ಅದು ಎಲ್ಲೂ ಒಳಗೆ ಹೋಗಲಿಲ್ಲ.

"ಅಂಟು ಗಟ್ಟಿ ಐತಿ. ಛಲೋ ಮಾಲು. ಮಾಡಿದವ ಕೆಲಸ ಬಲ್ಲವ."

ತಮ್ಮನ ಮುಖ ಅರಳಿತು. ಮಾಸ್ತರರು ಗಿಟಾರನ್ನು ಬಂದೂಕಿನಂತೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆಯ ಉದ್ದಕ್ಕೂ ನೋಡಿದರು. ಮೂಗಿನಲ್ಲೇ ಹೂಂ ಎಂದರು. ಕುತ್ತಿಗೆಯ ತುದಿಯಲ್ಲಿ ತಂತಿಗಳು ಹಾದುಹೋಗುವ ಕಡೆ ಉಗುರಿನಿಂದ ತಟ್ಟಿದರು. ಅಲ್ಲೊಂದು ಸಣ್ಣ ಲೋಹದ ತುಂಡು ತಂತಿಗಳನ್ನು ಮೇಲೆತ್ತಿ ಹಿಡಿದಿತ್ತು. ನಾವು ಅದು ಗಿಟಾರಿನದೇ ಭಾಗ ಎಂದುಕೊಂಡಿದ್ದೆವು.

"ಇದರ ಜೋಡಿ ಒಂದು ಉಕ್ಕಿನ ತುಂಡು ಇರಬೇಕಿತ್ತಲ್ಲ. ಇಷ್ಟುದ್ದ, ನುಣ್ಣಂದು. ಎಲ್ಲೈತಿ?"

ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅವನೇ ಹೇಳಿದ. "ಅದರಾಗ ನಮ್ಮವ್ವ ಯಾಲಕ್ಕಿ ಕುಟ್ಟತಾಳ್ರಿ."

ಮಾಸ್ತರರು ಕೆಮ್ಮು ಬರುವ ತನಕ ನಕ್ಕರು. ಹೆಂಡತಿಯನ್ನು ಕರೆದು ಕೊಂಕಣಿಯಲ್ಲಿ ಹೇಳಿದರು, ಆಕೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಂತರ ಅವರು ಸಮಾಧಾನವಾಗಿ ವಿವರಿಸಿದರು. ಇದು ಎದೆಗೆ ಆನಿಸಿಕೊಂಡು ಬೆರಳಿನಿಂದ ಒತ್ತಿ ಬಾರಿಸುವುದಕ್ಕೆ ಸಿದ್ಧಮಾಡಿದ ಗಿಟಾರಲ್ಲ. ಹವಾಯಿ ಪದ್ಧತಿಯದು. ಮಡಿಲ ಮೇಲೆ ಅಂಗಾತ ಇಟ್ಟುಕೊಂಡು, ಎಡಗೈಯಲ್ಲಿ ಆ ಉಕ್ಕನ್ನು ಹಿಡಿದು ತಂತಿಗಳ ಮೇಲೆ ಸವರುತ್ತ, ಬಲಗೈಯಿಂದ ಮೀಟಬೇಕು. ಕಲಕತ್ತೆಯಲ್ಲಿ ಮನೆಮನೆಯ ಹೆಣ್ಣುಮಕ್ಕಳು ಇದನ್ನೇ ಕಲಿಯುತ್ತಾರೆ. ತಂತಿ ಕಟ್ಟಿಗೆಗೆ ತಾಗಬಾರದೆಂದೇ ಮೇಲೆತ್ತಿ ಕಟ್ಟಿರುತ್ತಾರೆ.

"ಹಂಗಾದ್ರ ನನ್ನ ಬೆರಳಿನ ತಪ್ಪಿಲ್ಲೇನ್ರಿ?" ತಮ್ಮ ಕೇಳಿದ.

"ನಿನ್ನ ಬೆರಳಿಗೆ ಏನಾಗೇತಿ? ಇದನ್ನ ಒತ್ತಾಕ ಗೂಳಿ ಬೇಕು."

ತಮ್ಮ ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಆಸೆಯಿಂದ, "ಆ ತುಂಡು ತಗದು ತಂತಿ ಕೆಳಗಿಳಿಸಿದ್ರ ಆಗೂದಿಲ್ಲೇನ್ರಿ?" ಎಂದ.

"ಇಳಿಸಾಕ ಬರ್ತೈತಿ. ಆದ್ರ ಇಲ್ಲಿ ಬಾ, ನನ್ನಂಗ ಹಿಡದು ನೋಡು." ತಮ್ಮ ಒಂದು ಕಣ್ಣು ಮುಚ್ಚಿ ನೋಡಿದ. "ಕುತ್ತಿಗಿ ಬಾಗೇತಿ, ಕಾಣಿಸ್ತಾ? ತಂತಿ ಭಾರ ಹೊತ್ತು ಹೊತ್ತು ಬಾಗೇತಿ. ಒತ್ತಿ ಬಾರಿಸಿದ್ರ ಮ್ಯಾಲಿನ ಸ್ವರ ಎಲ್ಲಾ ಬ್ಯಾರೆ ಹೇಳ್ತಾವ. ಬಡಗಿ ಕಡೆ ಹೋಗಬ್ಯಾಡ, ತಂತಿ ಮ್ಯಾಲ ಖರ್ಚ ಮಾಡಬ್ಯಾಡ. ಒತ್ತೂದು ಕಲೀಬೇಕಂದ್ರ ಬ್ಯಾರೆ ಗಿಟಾರ ನೋಡೂಣು. ಮಡಿಲ ಮ್ಯಾಲ ಇಟ್ಟು ಬಾರಸವ್ರಿಗೆ ಈ ಬಾಗಿನಿಂದ ಏನೂ ತೊಂದ್ರಿ ಇಲ್ಲ. ಅವರಿಗೆ ಇದಕ್ಕಿಂತ ಛಲೋದು ಸಿಗೂದು ಕಷ್ಟ."

ತಮ್ಮ ತಲೆಯಾಡಿಸಿದ. ಅವನಿಗೆ ಹಾಡುಗಳ ಜೊತೆ ಬಾರಿಸುವ ಗಿಟಾರು ಬೇಕಿತ್ತು. ಅಷ್ಟು ತಿಂಗಳು ತನ್ನನ್ನೇ ಬೈದುಕೊಂಡವನಿಗೆ ತಪ್ಪು ತನ್ನದಲ್ಲ ಎಂದು ಗೊತ್ತಾಯಿತು, ಅದೇ ಹೊತ್ತಿಗೆ ಕೈಗೆ ಬಂದದ್ದೂ ತನ್ನದಲ್ಲ ಎಂದು ಗೊತ್ತಾಯಿತು. ಅವನ ಮುಖ ನೋಡಲು ನನಗೆ ಕಷ್ಟವಾಯಿತು.

ಅವನನ್ನು ಸಮಾಧಾನ ಮಾಡಲೆಂದೋ ಏನೋ, ಮಾಸ್ತರರು ಕಿಟಕಿಯಲ್ಲಿದ್ದ ಖಾಲಿ ಔಷಧದ ಬಾಟಲಿ ತರಿಸಿದರು. ಗಿಟಾರನ್ನು ಮಡಿಲ ಮೇಲೆ ಮಲಗಿಸಿ, ಬಾಟಲಿಯನ್ನು ತಂತಿಗಳ ಮೇಲಿಟ್ಟು ಮೀಟಿದರು. ಕೈ ನಡುಗುತ್ತಿದ್ದರಿಂದ ಸ್ವರವೂ ಅಲುಗಿತು. ಆದರೂ ಆ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಮುರಿಯದೆ ಜಾರಿಹೋಯಿತು. ಪಿಟೀಲಿನಲ್ಲಿ ಗುರುಗಳು ನನ್ನಿಂದ ತಿಂಗಳುಗಟ್ಟಲೆ ಮಾಡಿಸಿದ ಮೀಂಡು ಅದು. ನಾನು ಎಷ್ಟೋ ವರ್ಷಗಳಿಂದ ಅದನ್ನು ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

ಮಾಸ್ತರರು ನಿಲ್ಲಿಸಿ ನನ್ನ ಕಡೆ ತಿರುಗಿದರು. "ತಂಗೀ, ನೀ ಏನು ಬಾರಸ್ತಿ?"

"ನಾನೇನೂ ಇಲ್ರಿ."

"ಸುಳ್ಳು. ನನ್ನ ಸ್ವರ ತಪ್ಪಿದಾಗೊಮ್ಮೆ ನಿನ್ನ ಹುಬ್ಬು ಗಂಟಾಗ್ತಿತ್ತು."

ತಮ್ಮ ನೆಲ ನೋಡುತ್ತ, "ಅಕ್ಕ ಪಿಟೀಲು ಬಾರಸ್ತಿದ್ದಳ್ರಿ, ಕೈ ಮುರದು ಬಿಟ್ಟಾಳ" ಎಂದ. ಅವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಮಾಸ್ತರರು ಕೈ ಚಾಚಿದರು. ಸೆರಗಿನಡಿಯಿಂದ ಎಡಗೈ ತೆಗೆದು ಅವರ ಕೈಯಲ್ಲಿಡಲು ನನಗೆ ಬಹಳ ಹೊತ್ತು ಬೇಕಾಯಿತು. ಅವರು ಒಂದೊಂದೇ ಬೆರಳನ್ನು ಬಗ್ಗಿಸಿ ನೋಡಿದರು. ನೆಟ್ಟಗೆ ನಿಂತ ಎರಡು ಬೆರಳುಗಳ ಮೇಲೆ ಹೆಬ್ಬೆರಳು ಸವರಿದರು. ಬೇರೆಯವರು ಆ ಕೈ ನೋಡಿದಾಗ ಅವರ ಕಣ್ಣಿನಲ್ಲಿ ಬರುತ್ತಿದ್ದದ್ದು ನನಗೆ ಗೊತ್ತಿತ್ತು. ಇವರ ಕಣ್ಣಿನಲ್ಲಿ ಅದಿರಲಿಲ್ಲ. ಗಿಟಾರನ್ನು ನೋಡಿದ ಹಾಗೆಯೇ ನೋಡುತ್ತಿದ್ದರು.

"ಹೆಬ್ಬೆರಳು ಗಟ್ಟಿ ಐತಿ, ತೋರಬೆರಳು ಗಟ್ಟಿ ಐತಿ, ನಡುವಿಂದು ಅಷ್ಟ ಬಾಗಿದ್ರ ಸಾಕು. ಉಕ್ಕು ಹಿಡಿಯಾಕ ಮೂರ ಬೇಕು. ಉಳಿದೆರಡು ಉಕ್ಕಿನ ಹಿಂದ ತಂತಿ ಮ್ಯಾಲ ಚಪ್ಪಟ ಮಲಗಬೇಕು, ಬ್ಯಾಡಾದ ಸದ್ದು ಬರಬಾರದಂತ. ಅವನ್ನ ಬಾಗಿಸದಂಗ ಇಟ್ಟುಕೊಳ್ಳೂದು ಕಲಿಸಾಕ ನನಗ ಭಾಳ ಮಂದಿ ಜೋಡಿ ತಿಂಗಳಗಟ್ಟಲೆ ಜಗಳಾಗೇತಿ." ನನ್ನ ಕೈ ಬಿಟ್ಟು ಬಾಟಲಿ ಕೊಟ್ಟರು. "ಬಾ, ಕೂಡು."

ನಾನು ಕೂತೆ. ಬಾಟಲಿಯ ಗಾಜು ತಣ್ಣಗಿತ್ತು. ಮೊದಲ ಸಲ ಸದ್ದು ಒರಟಾಗಿ ಬಂತು. ಅವರು ನನ್ನ ಮಣಿಕಟ್ಟನ್ನು ಸ್ವಲ್ಪ ಕೆಳಗೆ ಒತ್ತಿ, ಕುತ್ತಿಗೆಯ ಮೇಲಿನ ಹಿತ್ತಾಳೆಯ ಅಡ್ಡಪಟ್ಟಿಯ ನೇರಕ್ಕೆ ಬಾಟಲಿ ಸರಿಸಿದರು. ಪಟ್ಟಿಯನ್ನು ಕಣ್ಣಿನಿಂದ ನೋಡು, ಸ್ವರವನ್ನು ಕಿವಿಯಿಂದ ಹಿಡಿ ಎಂದರು. ಷಡ್ಜ ಸಿಕ್ಕಿತು. ರಿಷಭಕ್ಕೆ ಜಾರಿದೆ. ಗಾಂಧಾರದ ಹತ್ತಿರ ಹೋಗಿ ನಿಂತೆ, ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಆಮೇಲೆ ಅದರ ಜಾಗದಲ್ಲಿ. ಅಂಗಳದಲ್ಲಿದ್ದ ಮಾಸ್ತರರ ಹೆಂಡತಿ ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿ ನಿಂತಿದ್ದರು. ನಾನು ಬಾಟಲಿ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಬಸ್ಸಿಳಿದು ಮನೆಗೆ ಬಂದವನೇ ತಮ್ಮ ಪೆಟ್ಟಿಗೆಯನ್ನು ನನ್ನ ಹಾಸಿಗೆಯ ಪಕ್ಕ ಇಟ್ಟ.

"ಇದು ನಿಂದು ಅಕ್ಕಾ."

"ನನಗ ಬ್ಯಾಡ. ನಿನಗ ಕೊಟ್ಟಾರ ಅವರು."

"ನಾ ಇಟಗೊಂಡು ಏನ್ ಮಾಡ್ಲಿ?" ಎಂದು ಹೊರಗೆ ಹೋದ. ಕೋಪವಿರಲಿಲ್ಲ, ಬೇಸರವಿತ್ತು. ಅವನು ಆಸೆಪಟ್ಟದ್ದನ್ನು ನಾನು ಎತ್ತಿಕೊಳ್ಳುವುದು ಹೇಗೆ ಎಂದು ನನಗೂ ತಿಳಿಯಲಿಲ್ಲ. ಪೆಟ್ಟಿಗೆ ಅಲ್ಲೇ ಮೂಲೆಯಲ್ಲಿ ಕೂತಿತು. ಕಸ ಗುಡಿಸುವಾಗ ನಾನು ಅದರ ಸುತ್ತ ಗುಡಿಸುತ್ತಿದ್ದೆ.

ಜೊಯಿಡಾದಲ್ಲಿ ನಡೆದದ್ದನ್ನು ತಮ್ಮ ಅವ್ವನಿಗೆ ಯಾವಾಗ ಹೇಳಿದನೋ ನನಗೆ ಗೊತ್ತಿಲ್ಲ. ಒಂದು ದಿನ ಶಾಲೆಯಿಂದ ಬಂದಾಗ ಪೆಟ್ಟಿಗೆ ತೆರೆದಿತ್ತು. ಆ ಉಕ್ಕಿನ ತುಂಡು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದು ಒರೆಸಿ, ಗಿಟಾರಿನ ಮೇಲೆ ಇಟ್ಟಿತ್ತು. ಹತ್ತಿರ ಹೋದರೆ ಇನ್ನೂ ಯಾಲಕ್ಕಿ ವಾಸನೆ. ಅವ್ವ ನನ್ನ ಕಡೆ ನೋಡದೆ ಅಕ್ಕಿ ಆರಿಸುತ್ತ ಕೂತಿದ್ದಳು.

"ಅವತ್ತ ಪಿಟೀಲು ನಿನ್ನ ಕಣ್ಣ ಮುಂದ ಇದ್ರ ನಿನಗ ಸಂಕಟ ಆಗ್ತೈತಿ ಅಂತ ಕೊಟ್ಟು ಬಂದೆ" ಎಂದಳು. "ಹೇಳದ ಒಯ್ದೆ ಅಂತ ನಿನಗ ಸಿಟ್ಟಿತ್ತೇನು?"

"ಇಲ್ಲವ್ವ."

"ಹಂಗಾರ ಬಾರಿಸು. ನಾ ಕೇಳ್ತೇನಿ."

ನಾನು ನೆಲದ ಮೇಲೆ ಕೂತು ಬಾರಿಸಿದೆ. ಸಾ ರಿ ಗ ಪ ದ, ಅಷ್ಟೇ. ಅವ್ವ ಅಕ್ಕಿ ಆರಿಸುವುದನ್ನು ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಮ್ಯಾಲಿಂದ ಕೆಳಗ ಜಾರಿ ಬಂದಿ ನೋಡು, ಅದನ್ನ ಮತ್ತೊಮ್ಮಿ ಮಾಡು" ಎಂದಳು.

ಹೀಗೆ ನನ್ನ ಜೊಯಿಡಾ ಪ್ರಯಾಣ ಶುರುವಾಯಿತು. ರಜೆಯಿದ್ದಾಗ, ಬಸ್ಸು ಬಂದಾಗ. ಮಾಸ್ತರರಿಗೆ ನಮ್ಮ ರಾಗಗಳು ಬರುತ್ತಿರಲಿಲ್ಲ, ನನಗೆ ಅವರ ಬ್ಯಾಂಡಿನ ಹಾಡುಗಳು ಬರುತ್ತಿರಲಿಲ್ಲ. ಕೈ ಹೇಗಿಡಬೇಕು, ಉಕ್ಕಿನ ಭಾರ ಎಷ್ಟು ಬಿಡಬೇಕು, ತಂತಿ ಯಾವುದು ಕೊಳ್ಳಬೇಕು, ಮಳೆಗಾಲದಲ್ಲಿ ಗಿಟಾರನ್ನು ಒದ್ದೆ ಗೋಡೆಗೆ ಒರಗಿಸದೆ ಉಣ್ಣೆಯ ಬಟ್ಟೆಯಲ್ಲಿ ಸುತ್ತಿ ಹೇಗಿಡಬೇಕು, ಇದನ್ನೆಲ್ಲ ಅವರು ಕಲಿಸಿದರು. ರಾಗ ನನ್ನ ಗುರುಗಳು ಕಲಿಸಿದ್ದೇ ಸಾಕಿತ್ತು, ಅದು ಎಲ್ಲೂ ಹೋಗಿರಲಿಲ್ಲ.

ತಮ್ಮ ಬರುತ್ತಿರಲಿಲ್ಲ. ಪ್ರತಿ ಸಲ ಮಾಸ್ತರರು, "ಅವ ಎಲ್ಲಿ?" ಎಂದು ಕೇಳುತ್ತಿದ್ದರು. ಪಾಳಿ ಇದೆ ಎಂದು ನಾನು ಹೇಳುತ್ತಿದ್ದೆ. ಒಂದು ದಿನ ಅವರು ಗೋಡೆಯ ಮೇಲಿದ್ದ ತಮ್ಮದೇ ಗಿಟಾರಿನತ್ತ ಬೆರಳು ತೋರಿಸಿದರು.

"ಅವಗ ಹೇಳು, ಇದರ ಕುತ್ತಿಗಿ ತುದಿಗೆ ತಂತಿ ಕೂಡೂ ದಂತದ ತುಂಡು ಸವದೈತಿ. ಹೊಸಾದು ಎಮ್ಮಿ ಕೊಂಬಿನ್ಯಾಗ ಅರದಿಂದ ತಿಕ್ಕಿ ಮಾಡಬೇಕು. ನನ್ನ ಕೈ ನಡುಗತಾವ, ಕಣ್ಣು ಕಾಣೂದಿಲ್ಲ. ಅವ ಫಿಟ್ಟರ್ ಅಲ್ಲೇನು? ಬಂದು ಮಾಡಿಕೊಡು ಅಂತ ನಾನು ಕೇಳೇನಿ ಅಂತ ಹೇಳು."

ಕೆಲಸ ಎಂದ ಮೇಲೆ ತಮ್ಮ ಇಲ್ಲವೆನ್ನುವವನಲ್ಲ. ಕಾರ್ಖಾನೆಯಲ್ಲಿ ತನ್ನದೇ ಇದ್ದ ಸಣ್ಣ ಅರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜೊತೆ ಹೊರಟ. ಬಾಗಿಲ ಬೆಳಕಿನಲ್ಲಿ ಕೂತು ಕೊಂಬನ್ನು ಕೊಯ್ದ, ತಿಕ್ಕಿದ, ಪ್ರತಿ ತಂತಿಗೆ ಒಂದೊಂದು ಗೀರು ಹಾಕಿದ. ಮಾಸ್ತರರು ಪಕ್ಕದಲ್ಲೇ ಕೂತು ಹೇಳಿಕೊಡುತ್ತಿದ್ದರು. ಗೀರು ಆಳವಾದರೆ ತಂತಿ ಪಟ್ಟಿಗೆ ತಾಗಿ ಝುಂಯ್ ಎನ್ನುತ್ತದೆ, ಕಡಿಮೆಯಾದರೆ ಬೆರಳು ನೋಯುತ್ತದೆ. ಒಂದು ಸಲ ತಿಕ್ಕು, ತಂತಿ ಹಾಕು, ಕೇಳು, ಮತ್ತೆ ತಿಕ್ಕು. ಮುಂಜಾನೆ ಕೂತವರು ಊಟಕ್ಕೂ ಎದ್ದಿರಲಿಲ್ಲ. ಮಾಸ್ತರರ ಹೆಂಡತಿ ಗಂಜಿಯನ್ನು ಅಲ್ಲಿಗೇ ತಂದಿಟ್ಟರು.

ತಂತಿ ಎಲ್ಲ ಕಟ್ಟಿ, ಸ್ವರ ಕೂಡಿಸಿದ ಮೇಲೆ ಮಾಸ್ತರರು ಗಿಟಾರನ್ನು ಅವನಿಗೇ ಕೊಟ್ಟರು. "ಈಗ ಒತ್ತು."

ತಮ್ಮ ಅಭ್ಯಾಸದಂತೆ ಹಲ್ಲು ಕಚ್ಚಿ ಒತ್ತಿದ. ಅಷ್ಟು ಬಲ ಬೇಕಾಗಿರಲಿಲ್ಲ. ಆರೂ ತಂತಿ ಒಟ್ಟಿಗೆ ತುಂಬಿದ ದನಿಯಲ್ಲಿ ಎದ್ದವು. ಅವನು ಕೈ ತೆಗೆದು ಗಿಟಾರಿನ ಕುತ್ತಿಗೆಯನ್ನೊಮ್ಮೆ, ತನ್ನ ಬೆರಳುಗಳನ್ನೊಮ್ಮೆ ನೋಡಿದ.

"ಇಷ್ಟು ಸಲೀಸು ಇರ್ತೈತೇನ್ರಿ ಮಾಸ್ತರ?"

"ಸರಿಯಾಗಿ ಕೂಡಿಸಿದ್ರ ಇಷ್ಟ. ನೀ ಕೂಡಿಸಿದ್ದು."

ಆಮೇಲೆ ಅವನು ಆ ಮನೆಗೆ ಹೋದಾಗೆಲ್ಲ ಆ ಗಿಟಾರನ್ನು ಬಾರಿಸಿದ, ಕೆಲವು ಹಾಡು ಚೆನ್ನಾಗಿಯೇ ಕಲಿತ. ಆದರೆ ಅವನಿಗೆ ನಿಜವಾಗಿ ಹತ್ತಿದ್ದು ಬಾರಿಸುವುದಲ್ಲ, ಕೂಡಿಸುವುದು. ಕಾಲನಿಯ ಆ ಮದುವೆಯ ಹುಡುಗರ ಗಿಟಾರುಗಳನ್ನೇ ಮೊದಲು ತಂದು ಸರಿಮಾಡಿದ. ಹಳಿಯಾಳದಿಂದ, ಧಾರವಾಡದಿಂದ ಜನ ಮ್ಯಾಂಡೊಲಿನ್, ಪಿಟೀಲು ತರತೊಡಗಿದರು. ಯಾರೇ ತಂದರೂ ಅವನು ಮೊದಲು ಮುಟ್ಟುತ್ತಿರಲಿಲ್ಲ, ನೀವು ಬಾರಿಸಿರಿ, ನೋಡುತ್ತೇನೆ ಎನ್ನುತ್ತಿದ್ದ.

ಒಂದು ದೀಪಾವಳಿಗೆ ನಾನು ಗಿಟಾರು ತೆಗೆದುಕೊಂಡು ಧಾರವಾಡಕ್ಕೆ ಹೋದೆ. ನನ್ನ ಗುರುಗಳಿಗೆ ವಯಸ್ಸಾಗಿತ್ತು. ಪೆಟ್ಟಿಗೆ ತೆರೆದಾಗ ಅವರ ಮುಖದಲ್ಲಿ ಅಪನಂಬಿಕೆ ಕಂಡಿತು, ಸಿನೆಮಾದ ವಾದ್ಯ ಎಂದುಕೊಂಡಿರಬೇಕು. ನಾನು ಭೂಪ ರಾಗ ಬಾರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಮುಗಿದ ಮೇಲೂ ತೆರೆಯಲಿಲ್ಲ. "ಅವರೋಹದಾಗ ಧೈವತ ಗಡಿಬಿಡಿ ಮಾಡ್ತಿ, ಮೊದಲೂ ಮಾಡ್ತಿದ್ದಿ" ಎಂದರು. ನಾನು ಹೂಂ ಎಂದೆ. ಹೊರಡುವಾಗ ನನ್ನ ಎಡಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಾಗಿಲ ತನಕ ಬಂದರು.

ಇನ್ನೊಂದು ಮಾತು, ಟಿಬೆಟಿನ ಜನ ಮುಂಡಗೋಡಕ್ಕೆ ಬಂದು ನೆಲೆಸಿದ ಮೇಲಿನದು. ಚಳಿಗಾಲದಲ್ಲಿ ಅವರು ಉಣ್ಣೆಯ ಸ್ವೆಟರ್ ಮಾರುತ್ತ ದಾಂಡೇಲಿಗೂ ಬರುತ್ತಿದ್ದರು. ಅವರಲ್ಲೊಬ್ಬ ನಡುವಯಸ್ಸಿನವನು ಯಾರದೋ ಮಾತು ಕೇಳಿ ನಮ್ಮ ಮನೆ ಹುಡುಕಿಕೊಂಡು ಬಂದ. ಬಟ್ಟೆಯಲ್ಲಿ ಸುತ್ತಿದ್ದ ಉದ್ದ ಕುತ್ತಿಗೆಯ ತಂತಿವಾದ್ಯ ಬಿಚ್ಚಿದ. ಅಂಥದ್ದನ್ನು ನಾವು ಯಾರೂ ನೋಡಿರಲಿಲ್ಲ. ಅದರ ತಂತಿ ಬಿಗಿಯುವ ಒಂದು ಖುಂಟಿ ಮುರಿದಿತ್ತು, ಉಳಿದವು ಸಡಿಲಾಗಿ ತಂತಿ ನಿಲ್ಲುತ್ತಿರಲಿಲ್ಲ. ಹಿಮದ ದಾರಿಯಲ್ಲಿ ಹೊತ್ತು ತಂದದ್ದು ಎಂದು ಹರಕು ಹಿಂದಿಯಲ್ಲಿ ಹೇಳಿದ. ಇಲ್ಲಿಯ ಮಳೆಗೆ ಮರ ಉಬ್ಬಿ, ಬಿಸಿಲಿಗೆ ಒಣಗಿ ಹೀಗಾಯಿತಂತೆ.

ತಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ನನಗಿದು ಗೊತ್ತಿಲ್ಲ. ಗೊತ್ತಿಲ್ಲದಕ್ಕ ಕೈ ಹಚ್ಚೂದಿಲ್ಲ. ಜೊಯಿಡಾಕ್ಕ ಹೋಗೂಣು, ಮಾಸ್ತರ್ನ ಕೇಳೂಣು" ಎಂದ.

ಮರುದಿನ ಮೂವರೂ ಹೋದೆವು. ಮಾಸ್ತರರು ಆಗ ಹಾಸಿಗೆ ಹಿಡಿದಿದ್ದರು, ಕಣ್ಣು ಪೂರಾ ಮಂಜಾಗಿತ್ತು. ವಾದ್ಯವನ್ನು ಅವರ ಕೈಗೆ ಕೊಟ್ಟೆವು. ಬುಡದಿಂದ ತುದಿಯ ತನಕ ಮುಟ್ಟುತ್ತ ಹೋದರು, ಮುರಿದ ಖುಂಟಿಯ ರಂಧ್ರದಲ್ಲಿ ಬೆರಳಿಟ್ಟರು. ಬೀಟೆಯ ಕಟ್ಟಿಗೆಯಲ್ಲಿ ಹೊಸದು ಮಾಡು, ತುದಿಗೆ ಬರುತ್ತ ಸಣ್ಣಗಾಗಲಿ, ಸೀಮೆಸುಣ್ಣ ಸವರಿ ಕೂಡಿಸು, ಜಾರುವುದಿಲ್ಲ ಎಂದು ತಮ್ಮನಿಗೆ ಹೇಳಿದರು. ಅವನು ಅಂಗಳದಲ್ಲಿ ಕೂತು ಅದನ್ನು ಮಾಡಿ ಮುಗಿಸುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಆ ಮನುಷ್ಯ ಹಾಸಿಗೆಯ ಪಕ್ಕ ನಿಂತೇ ಬಾರಿಸಿದ. ಬಾರಿಸುತ್ತ ಕಾಲಿನಿಂದ ನೆಲಕ್ಕೆ ತಾಳ ಹಾಕುತ್ತ, ತನ್ನ ಭಾಷೆಯಲ್ಲಿ ಮೆಲ್ಲಗೆ ಹಾಡಿದ. ನಮಗೊಂದು ಮಾತೂ ತಿಳಿಯಲಿಲ್ಲ. ಹಾಡು ನಿಂತ ಮೇಲೆ ಮಾಸ್ತರರು ದಿಂಬಿನಿಂದ ತಲೆ ಎತ್ತಿ ತಮ್ಮನನ್ನು ಕರೆದರು.

"ಮೂರನೇ ತಂತಿ ಸ್ವಲ್ಪ ಇಳದೈತಿ. ಅವಗ ಹೇಳಬ್ಯಾಡ, ನೀನ ಮೆಲ್ಲಕ ಏರಿಸಿಕೊಡು."

ತಮ್ಮ ಹೋಗಿ ಏರಿಸಿಕೊಟ್ಟ. ಆ ಮನುಷ್ಯ ಇನ್ನೊಂದು ಹಾಡು ಶುರುಮಾಡಿದ. ಸಂಜೆಯ ಬಸ್ಸು ಆ ದಿನ ನಮ್ಮನ್ನು ಬಿಟ್ಟು ಹೋಯಿತು.